ಬೇಟೆಯ ಚೀಟಿಯೂ ಶ್ರಾವಕನ ಸಹಿಯೂ

ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ಶ್ರಾವಕನು ಬೇಟೆಯಾಡನೆಂಬುದರಲ್ಲಿ ವಿವಾದವಿಲ್ಲ. ಆದರೆ ಸರಕಾರವೇ ಲೆಕ್ಕಹಾಕಿ ಹಂಚುವ ವ್ಯವಸ್ಥೆಯಾಗಿ ಬೇಟೆಯು ಎದುರಾದಾಗ ಅವನ ನಿಲುವೇನಾಗಿರಬೇಕು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಎಂಬ, ಕಡವೆಗಿಂತ ದೊಡ್ಡದಾದ ಜಿಂಕೆಯುಂಟು. ಕೊಲೊರಾಡೊ, ಮೊಂಟಾನಾ ಮೊದಲಾದೆಡೆ ಹಿಂಡುಗಳನ್ನು ಅಂದಾಜಿಸಿ, ಪ್ರದೇಶವಾರು ಬೇಟೆಯ ಚೀಟಿಗಳನ್ನು ನಿಗದಿಮಾಡುವರು. ಬೇಡಿಕೆ ಹೆಚ್ಚಿದಲ್ಲಿ ಲಾಟರಿ ಎತ್ತುವರು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಗಂಡುಗಳನ್ನಷ್ಟೇ ಕೊಂದರೆ ಹಿಂಡು ಹೆಚ್ಚು ಕುಗ್ಗದು. ಹೆಣ್ಣಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ; ಆದುದರಿಂದ ಹೆಣ್ಣಿನ ಚೀಟಿಗಳು ಹೆಚ್ಚಿದರೆ ಹಿಂಡು ಇಳಿಯುವುದು. ಗುಂಡು ಹಾರಿಸುವವನದು ಕೃತ. ಹಿಂಡಿನ ಗತಿಯನ್ನು ನಿರ್ಧರಿಸುವ ಲೇಖನಿಯದು ಕಾರಿತ. ಸಂಖ್ಯೆ ಮೀರಿದರೆ ಚಳಿಗಾಲದಲ್ಲಿ ಮೇವಿಲ್ಲದೆ ನರಳಿ ಸಾಯುವವು, ಕೆಲವನ್ನು ಕೊಂದರೆ ಉಳಿದವು ಬದುಕುವವು ಎಂಬುದು ಅವರ ವಾದ. ಹುರುಳಿಲ್ಲದ ವಾದವಲ್ಲ, ಹೊಸತೂ ಅಲ್ಲ. ಹಿಂಸ್ರಪ್ರಾಣಿಯೊಂದನ್ನು ಕೊಂದು ಹಲವನ್ನು ರಕ್ಷಿಸುವೆನೆಂಬ ತರ್ಕವನ್ನೂ, ದುಃಖಿಯನ್ನು ಕೊಂದು ದುಃಖ ಬಿಡಿಸುವೆನೆಂಬ ತರ್ಕವನ್ನೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ನಿರಾಕರಿಸಿರುವರು.

ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಮೊದಲು ಬೇಟೆಯ ಪರವಾನಗಿಗೆ ಅವಕಾಶವಿದ್ದಿತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಉಳಿದಿರುವುದು ಒಂದು ಕಿರುದಾರಿ. ಬೆಳೆ ಹಾಳುಮಾಡುವ ಕಾಡುಹಂದಿಯಂತಹ ಪ್ರಾಣಿಯನ್ನು ಕೊಲ್ಲಲು ವನ್ಯಜೀವಿ ಅಧಿಕಾರಿಗಳು ಕಾರಣ ಬರೆದು ಅನುಮತಿಸಬಹುದು. ಚಿಂಕಾರಕ್ಕೆ ಬೆಳೆಯ ನೆಪದಿಂದ ಅದು ಸಲ್ಲದು. ಬೀಳಗಿ-ಮುಧೋಳ ತಾಲೂಕುಗಳ ಯಡಹಳ್ಳಿ ಅರಣ್ಯವು 2016ರಲ್ಲಿ ಅದರ ಹೆಸರಿನಲ್ಲಿಯೇ ವನ್ಯಜೀವಿಧಾಮವಾಯಿತು.

ಅದೇ ಬೀಳಗಿ ಸೀಮೆಯ ಅನಗವಾಡಿಯಂತಹ ಊರಿನಲ್ಲಿ ಶ್ರಾವಕನೊಬ್ಬನ ಗೋವಿನಜೋಳಕ್ಕೆ ಹಂದಿ ನುಗ್ಗಿತೆನ್ನಿ. ಊರವರು ಅರ್ಜಿಯನ್ನು ಸಹಿಗೆ ತರುವರು. ಸಹಿ ಹಾಕಿದರೆ ಕಾರಿತ. ಹಾಕದೆ, ನೆರೆಯವನ ಸಹಿಯಿಂದ ಹಂದಿ ತೊಲಗಲೆಂದು ಒಳಗೊಳಗೆ ಹಾರೈಸಿದರೆ ಅನುಮೋದನೆ. ಮೇಲಾಗಿ ಹಂದಿಯು ಒಂದು ಸೂಲಿಗೆ ಹಲವು ಮರಿ ಹಾಕುವ ಪ್ರಾಣಿ. ಅಲ್ಲೊಂದು ಇಲ್ಲೊಂದು ಕೊಂದರೆ ಸಂಖ್ಯೆ ಇಳಿಯದು, ಬಂಧ ಮಾತ್ರ ಅಂಟುವುದು. ವಿರೋಧೀ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆನ್ನುವವರುಂಟು. ಬೇಲಿ, ಕಂದಕ, ರಾತ್ರಿಯ ಕಾವಲು ಯಾವುದನ್ನೂ ಮಾಡಿ ನೋಡದವನಿಗೆ ಆ ಮಾತು ಒಪ್ಪುವುದಿಲ್ಲ. (ಕದ್ದು ಕರೆಂಟು ಹರಿಸಿದ ತಂತಿಯನ್ನು ಬೇಲಿಯೆನ್ನಲಾಗದು, ಅದು ಹಂದಿ, ನರಿ, ಮನುಷ್ಯರೆಂಬ ಭೇದವಿಲ್ಲದೆ ಕೊಲ್ಲುತ್ತದೆ.)

ಹೊಲವನ್ನು ಪಾಲಿಗೆ ಕೊಟ್ಟಿದ್ದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಮಾಲೀಕನು ವ್ರತದ ಹೆಸರಿನಲ್ಲಿ ಸಹಿ ನಿರಾಕರಿಸುವನು; ಹಂದಿ ತಿನ್ನುವುದು ಉಳುವವನ ವರ್ಷದ ಅನ್ನವನ್ನು. ಅನ್ನಪಾನನಿರೋಧವೂ ಅಹಿಂಸಾಣುವ್ರತದ ಅತಿಚಾರಗಳಲ್ಲೊಂದೆಂಬುದನ್ನು ಅಂತಹ ಮಾಲೀಕರು ಮರೆಯುವುದೇ ಹೆಚ್ಚು. ನಿರಾಕರಿಸಿದವನೇ ಬೇಲಿಯ ಖರ್ಚನ್ನು ಹೊರಬೇಕು, ಬೆಳೆ ಪರಿಹಾರಕ್ಕಾಗಿ ಕಚೇರಿಗೆ ತಾನೇ ಅಲೆಯಬೇಕು. ರಾಶಿಯ ದಿನ, ಹಂದಿ ತಿಂದ ಸಾಲುಗಳನ್ನು ತನ್ನ ಪಾಲಿನಿಂದಲೇ ಕಳೆದು, ಉಳುವವನ ಚೀಲಗಳನ್ನು ಪೂರ್ತಿ ತುಂಬಿಸಬೇಕು.