ಕೂಸಿನ ಅಳುವೂ ಅಭಯವೂ

ಗುರುವಾರ ಬಂತೆಂದರೆ ಶಿಕಾರಿಪುರ ಸೀಮೆಯ ತೊಗರ್ಸಿಯ ಸುತ್ತಿನ ಹಳ್ಳಿಗಳಲ್ಲಿ ಅಂಗನವಾಡಿಯ ಜಗಲಿಯ ಮೇಲೆ ನೀಲಿಬಣ್ಣದ ಸಣ್ಣ ಪೆಟ್ಟಿಗೆಯೊಂದು ಬಂದು ಕೂರುತ್ತದೆ. ಅದರೊಳಗೆ ಮಂಜುಗಡ್ಡೆಯ ನಡುವೆ ಲಸಿಕೆಯ ಸೀಸೆಗಳು. ತಾಯಿ ಒಂದೂವರೆ ತಿಂಗಳ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು, ಎಳೆಯ ಕಾಲನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮುಖವನ್ನು ಅತ್ತ ತಿರುಗಿಸುತ್ತಾಳೆ. ಸೂಜಿ ತೊಡೆಗಿಳಿದ ಗಳಿಗೆಯಲ್ಲಿ ಕೂಸು ಬಾಯ್ದೆರೆದು ಉಸಿರು ಕಟ್ಟಿಕೊಂಡು ಸುಮ್ಮನಿರುತ್ತದೆ. ಅಳು ಬರುವುದು ಅನಂತರ. ಅಂಥದೊಂದು ಗುರುವಾರ, ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ಮಲ್ಲಿಕಾರ್ಜುನ ಕಾಯೋದಾದ್ರೆ ಇದ್ಯಾಕೆ? ಅವ ಕೈಬಿಟ್ರೆ ಇದರಿಂದೇನಾದೀತು?" ಎಂದು ತನ್ನಷ್ಟಕ್ಕೆ ಆಡಿಕೊಂಡ ಮಾತು ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ದೈವವೇ ದೊಡ್ಡದೋ ಪುರುಷಕಾರವೇ ದೊಡ್ಡದೋ ಎಂದು ನಮ್ಮ ಪೂರ್ವಿಕರು ಶತಮಾನಗಳ ಕಾಲ ಜಿಜ್ಞಾಸೆ ಮಾಡಿದ ಪ್ರಶ್ನೆಯೇ ಆ ಮುದುಕಿಯ ಬಾಯಲ್ಲಿ ಆಡುಮಾತಾಗಿ ಬಂದಿತ್ತು.

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದುರಾಗುವುದು ಮೆನಿಂಜೊಕಾಕಸ್ ಎಂಬ ರೋಗಾಣುವಿನ ವಿಷಯದಲ್ಲಿ. 1887ರಲ್ಲಿ ವಿಯೆನ್ನಾದ ಆಂಟನ್ ವೈಕ್ಸೆಲ್‌ಬೌಮ್ ಗುರುತಿಸಿದ ಈ ಸೂಕ್ಷ್ಮಜೀವಿ ಮೆದುಳು ಮತ್ತು ಬೆನ್ನುಹುರಿಯ ಪೊರೆಗೆ, ಇಲ್ಲವೆ ರಕ್ತಕ್ಕೆ, ತಗುಲಿದರೆ, ಬೆಳಗ್ಗೆ ಮೈ ಬಿಸಿಯಾಗಿ ಹಾಲು ಬಿಟ್ಟ ಮಗು ಸಂಜೆಯೊಳಗೆ ಪ್ರಾಣಾಪಾಯಕ್ಕೆ ಬೀಳಬಹುದು; ಒತ್ತಿದರೂ ಮಾಸದ ಕೆನ್ನೀಲಿ ಕಲೆಗಳು ಮೈಮೇಲೆ ಏಳಬಹುದು; ಬದುಕಿ ಉಳಿದವರಲ್ಲಿ ಕೆಲವರು ಕಿವಿಯನ್ನೋ ಕೈಕಾಲನ್ನೋ ಕಳೆದುಕೊಳ್ಳುವುದುಂಟು. ರೋಗ ಅಪರೂಪದ್ದು, ಆದರೆ ಅದರ ಹೊಡೆತ ಹೆಚ್ಚಾಗಿ ಬೀಳುವುದು ವರ್ಷ ತುಂಬದ ಕೂಸುಗಳ ಮೇಲೆ. ಇದಕ್ಕಿಂತ ಚಿಂತನೀಯವಾದ ಸಂಗತಿಯೆಂದರೆ, ಈ ರೋಗಾಣು ಆರೋಗ್ಯವಂತರಾದ ಎಷ್ಟೋ ಜನರ ಗಂಟಲಿನಲ್ಲಿ ಅವರಿಗೇ ತಿಳಿಯದಂತೆ ನೆಲೆಸಿದ್ದು, ಸಮೀಪದ ಉಸಿರಿನಿಂದ, ಮುತ್ತಿನಿಂದ ದಾಟಿಹೋಗುತ್ತದೆ. ಕೂಸಿಗೆ ಕೇಡು ತರುವುದು ಹಗೆಯ ಕೈಯಲ್ಲ, ಎತ್ತಿ ಮುದ್ದಾಡುವ ಸೋದರಮಾವನ ಉಸಿರು. ಹೀಗಿರುವಲ್ಲಿ ಇದನ್ನು ಯಾರ ಪಾಪವೆನ್ನೋಣ? ಮಾಡಿದವನಿಗೆ ಅರಿವಿಲ್ಲ, ಪಟ್ಟವನಿಗೆ ಅಪರಾಧವಿಲ್ಲ. ಪೂರ್ವಕರ್ಮವೆಂದು ಹೇಳಿ ಕಣ್ಣೊರಸಿಕೊಳ್ಳಬಹುದಾದರೂ, ಆ ಮಾತು ಕಳೆದುಕೊಂಡವರ ಸಮಾಧಾನಕ್ಕಾದೀತೇ ವಿನಾ ಕಾಯಬೇಕಾದವರ ಉದಾಸೀನಕ್ಕೆ ಸಮರ್ಥನೆಯಾಗಲಾರದು.

ಶರಣಾಗತಿ ಮಹತ್ತಾದ ಭಾವ. ಅಲ್ಲಮನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಇರುವ ಈ ಶಿಕಾರಿಪುರದ ಸೀಮೆಯಲ್ಲಿ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಶರಣಾದವನು ಒಪ್ಪಿಸುವುದು ತನ್ನನ್ನು. ಇನ್ನೊಬ್ಬರ ಪ್ರಾಣವನ್ನು ಒಪ್ಪಿಸಿಬಿಡುವ ಅಧಿಕಾರ ಅವನಿಗಿಲ್ಲ. ಕೂಸು ನಮ್ಮ ಸ್ವತ್ತಲ್ಲ, ನಮ್ಮಲ್ಲಿ ಇರಿಸಿದ ನ್ಯಾಸ. ನೆರೆಯವನು ನಂಬಿ ಇಟ್ಟುಹೋದ ಒಡವೆಯನ್ನು ಮನೆಯಲ್ಲಿರಿಸಿಕೊಂಡವನು ರಾತ್ರಿ ಅಗಳಿ ಹಾಕದೆ, ದೇವರಿದ್ದಾನೆಂದು ಮಲಗಿದರೆ ಅದನ್ನು ಭಕ್ತಿಯೆಂದು ಊರು ಒಪ್ಪೀತೆ? ತನ್ನ ನೋವನ್ನು ತಾನು ಪ್ರಸಾದವೆಂದು ಸ್ವೀಕರಿಸಿದ ಭಕ್ತನು ಪೂಜ್ಯ. ಮಗುವಿನ ನೋವನ್ನು ಹಾಗೆ ಸ್ವೀಕರಿಸಲು ಹೊರಟವನು ಕೊಟ್ಟದ್ದು ತನ್ನದಲ್ಲದ ಕಾಣಿಕೆ.

ಲಸಿಕೆಯಿಂದ ದೇವರ ಮಹಿಮೆ ಕುಂದೀತೆಂಬ ಅಂಜಿಕೆಗೂ ಎಡೆಯಿಲ್ಲ. ಸಿಡುಬನ್ನು ಅಮ್ಮನೆಂದು ಕರೆದು ಬೇವಿನೆಲೆ ಹಾಸಿ ಮಲಗಿಸಿದ ನಾಡು ನಮ್ಮದು. 1980ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ಆದರೂ ಸೊರಬದ ಚಂದ್ರಗುತ್ತಿಗೆ ರೇಣುಕಾಂಬೆಯ ದರ್ಶನಕ್ಕೆ ಹೋಗುವವರು ಹೋಗುತ್ತಲೇ ಇದ್ದಾರೆ. ಅದೇ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದು ಹೊಸ ಜ್ವರವೊಂದು ಕಾಣಿಸಿಕೊಂಡಾಗ ದೇವರಿಗೆ ಹರಕೆ ಹೊತ್ತವರೂ ಮುಂದೆ ಸೂಜಿಗೆ ತೋಳು ಒಡ್ಡಿದರು. ಹಜ್ ಯಾತ್ರೆಗೆ ಹೊರಡುವ ನಮ್ಮ ನೆರೆಹೊರೆಯವರಂತೂ ಇದೇ ಮೆನಿಂಜೊಕಾಕಸ್‌ನ ಲಸಿಕೆಯನ್ನು ಹಾಕಿಸಿಕೊಂಡೇ ಹೊರಡತಕ್ಕದ್ದು. ಲಕ್ಷಾಂತರ ಜನ ಭುಜಕ್ಕೆ ಭುಜ ತಾಗಿ ಪ್ರಾರ್ಥಿಸುವಲ್ಲಿ ಪಕ್ಕದವನ ಉಸಿರಿಗೆ ಹೊಣೆಯಾಗುವುದೂ ಯಾತ್ರೆಯ ಸಿದ್ಧತೆಯೇ.

ತೊಗರ್ಸಿಗೆ ದೂರವಲ್ಲದ ಬಳ್ಳಿಗಾವೆಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನವನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕೇದಾರೇಶ್ವರನ ಸನ್ನಿಧಿಯ ಆ ಮಠದಲ್ಲಿ ವ್ಯಾಕರಣ ದರ್ಶನಗಳ ಪಾಠ ನಡೆಯುತ್ತಿತ್ತು, ದೀನರಿಗೆ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು. ಸಕಲ ಜೀವಿಗಳಿಗೂ ಅಭಯವನ್ನೀಯುವ ತಾಣವದೆಂದು ಶಾಸನ ಕೊಂಡಾಡುತ್ತದೆ. ಪೂಜೆಗೂ ಭೈಷಜ್ಯಕ್ಕೂ ನಡುವೆ ಗೋಡೆಯೆಬ್ಬಿಸದ ಧರ್ಮ ಈ ಮಣ್ಣಿನದು. ಅಭಯವೆಂಬುದು ವಿಗ್ರಹದ ಹಸ್ತದಲ್ಲಿ ಮಾತ್ರ ನಿಂತುಬಿಟ್ಟ ಮುದ್ರೆಯಲ್ಲ, ಮನುಷ್ಯರು ಮನುಷ್ಯರಿಗೆ ಸಲ್ಲಿಸಬೇಕಾದ ದಾನ.

ಆ ದಾನ ಇನ್ನೂ ಪೂರ್ಣವಾಗಿಲ್ಲ. ಬ್ರಿಟನ್ 2015ರಿಂದ ತನ್ನ ಎಲ್ಲ ಹಸುಳೆಗಳಿಗೂ ಬಿ ಗುಂಪಿನ ಮೆನಿಂಜೊಕಾಕಸ್ ವಿರುದ್ಧದ ಲಸಿಕೆಯನ್ನು ಹಾಕಿಸುತ್ತಿದೆ. ಪುಣೆಯಲ್ಲಿ ತಯಾರಾದ ಅಗ್ಗದ ಲಸಿಕೆ 2010ರಿಂದ ಆಫ್ರಿಕದ ಬಡನಾಡುಗಳಲ್ಲಿ ಎ ಗುಂಪಿನ ಪಿಡುಗನ್ನು ಅಡಗಿಸಿತು. ನಮ್ಮಲ್ಲಿ ಮೆನಿಂಜೊಕಾಕಸ್ ಲಸಿಕೆ ಹಣ ತೆತ್ತವರಿಗೆ ದೊರೆಯುವುದೇ ಹೊರತು ಗುರುವಾರದ ನೀಲಿ ಪೆಟ್ಟಿಗೆಯಲ್ಲಿಲ್ಲ. ಎಲ್ಲರ ಕೂಸಿಗೂ ಅದು ಸಲ್ಲಬೇಕಾದ ದಿನವನ್ನು ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿರುವುದನ್ನಾದರೂ ತಪ್ಪಿಸಬಾರದು: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾ ಲಸಿಕೆಯೂ ಅದರ ಜೊತೆಗಾತಿಯಾದ ನ್ಯುಮೊಕಾಕಲ್ ಲಸಿಕೆಯೂ ಬೇರೆ ರೋಗಾಣುಗಳಿಂದ ಅದೇ ಮೆದುಳಿನ ಪೊರೆಯನ್ನು ಕಾಯುತ್ತವೆ.

ಆ ಗುರುವಾರ ಅಳು ಇಳಿದ ಮೇಲೆ ತಾಯಿ ಹತ್ತಿಯನ್ನು ತೊಡೆಗೆ ಒತ್ತಿಕೊಂಡೇ ಕುಳಿತಿದ್ದಳು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಲ್ಲಿಕಾರ್ಜುನನ ವಿಭೂತಿಯನ್ನು ಕೂಸಿನ ಹಣೆಗೆ ಹಚ್ಚಿ, ನರ್ಸಮ್ಮನ ಕಡೆ ತಿರುಗಿ, "ಮುಂದಿನದು ಯಾವಾಗ?" ಎಂದು ಕೇಳಿದಳು.