ನೆಪಕ್ಕೂ ಪರೀಕ್ಷೆ

1840ರ ದಶಕದಲ್ಲಿ ಯುರೇನಸ್ ಗ್ರಹ ಖಗೋಳಜ್ಞರ ನಿದ್ದೆಗೆಡಿಸಿತ್ತು. ನ್ಯೂಟನ್ನನ ಗುರುತ್ವ ನಿಯಮ ಹಿಡಿದು ಲೆಕ್ಕ ಹಾಕಿದರೆ ಅದು ಎಲ್ಲಿರಬೇಕೋ ಅಲ್ಲಿರುತ್ತಿರಲಿಲ್ಲ. ಪ್ಯಾರಿಸ್ಸಿನ ಗಣಿತಜ್ಞ ಲೆವೆರಿಯೇ ನಿಯಮವನ್ನು ಅನುಮಾನಿಸಲಿಲ್ಲ. ಆಚೆಗೆ ಯಾರೂ ಕಾಣದ ಇನ್ನೊಂದು ಗ್ರಹವಿದೆ, ಅದರ ಸೆಳೆತಕ್ಕೆ ಯುರೇನಸ್ ಹಾದಿ ಬಿಡುತ್ತಿದೆ ಎಂದ. ಎಡವಿದ ಸಿದ್ಧಾಂತವನ್ನು ಉಳಿಸಿಕೊಳ್ಳಲು ಕಾಣದ ವಸ್ತುವೊಂದನ್ನು ಕಲ್ಪಿಸಿಕೊಳ್ಳುವುದು ನೆಪವಲ್ಲದೆ ಮತ್ತೇನು? ಆದರೆ ಆ ನೆಪದ ಜೊತೆಗೆ ಒಂದು ವಿಳಾಸವೂ ಇತ್ತು. ಲೆವೆರಿಯೇ ಬರೆದ ಕಾಗದ 1846ರ ಸೆಪ್ಟೆಂಬರ್ 23ರಂದು ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆಯ ಕೈಸೇರಿತು. ಅದೇ ರಾತ್ರಿ, ಹೇಳಿದ ಜಾಗದಿಂದ ಒಂದು ಡಿಗ್ರಿಯೂ ದೂರವಿಲ್ಲದಂತೆ, ನೆಪ್ಚೂನ್ ಸಿಕ್ಕಿತು.

ಮುಂದೆ ಬುಧನ ಸರದಿ. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು ಒಂದೇ ಕಡೆ ನಿಲ್ಲದೆ ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಉಳಿದ ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಶತಮಾನಕ್ಕೆ ಸುಮಾರು 43 ವಿಕಲೆಯಷ್ಟು, ಅಂದರೆ ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಬಾಕಿ ಉಳಿಯುತ್ತದೆ. ಒಮ್ಮೆ ಗೆದ್ದ ದಾರಿಯನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? 1859ರಲ್ಲಿ ಲೆವೆರಿಯೇ ಸೂರ್ಯನಿಗೂ ಬುಧನಿಗೂ ನಡುವೆ ಮತ್ತೊಂದು ಕಾಣದ ಕಾಯವನ್ನು ಇಟ್ಟ. ಅದಕ್ಕೆ ವಲ್ಕನ್ ಎಂದು ಹೆಸರಾಯಿತು. ಹಳ್ಳಿಯ ವೈದ್ಯನೊಬ್ಬ ಅದು ಸೂರ್ಯನ ಮೇಲೆ ಹಾದುಹೋದದ್ದನ್ನು ಕಂಡೆನೆಂದ. ಗ್ರಹಣದ ಹೊತ್ತಿನಲ್ಲಿ ನೋಡಿದೆವೆಂದು ಇನ್ನು ಕೆಲವರು ಹೇಳಿದರು. ಬೇರೆಯವರು ಹುಡುಕಿದಾಗ ಅಲ್ಲೇನೂ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಆ 43 ವಿಕಲೆ ತಾನಾಗಿ ಲೆಕ್ಕಕ್ಕೆ ಕೂತಿತು. ವಲ್ಕನ್ ಯಾರಿಗೂ ಬೇಡವಾಯಿತು.

ಮನುಷ್ಯ ಒಬ್ಬನೇ, ಗಣಿತ ಒಂದೇ, ಊಹೆಯ ಬಗೆಯೂ ಒಂದೇ. ಹಾಗಾದರೆ ನೆಪ್ಚೂನ್ ವಿಜ್ಞಾನ, ವಲ್ಕನ್ ಅವಿಜ್ಞಾನ ಎನ್ನೋಣವೇ? ನನಗೇನೋ ಎರಡೂ ವಿಜ್ಞಾನವೇ. ಸರಿಯಾದದ್ದೆಲ್ಲ ವಿಜ್ಞಾನ, ತಪ್ಪಿದ್ದೆಲ್ಲ ಮೂಢನಂಬಿಕೆ ಎಂದು ಶಾಲೆಯಲ್ಲಿ ತಿಳಿದುಕೊಂಡದ್ದನ್ನು ಮೊದಲು ಬಿಡಬೇಕಾಗುತ್ತದೆ.

ವಿಜ್ಞಾನದ ಗಡಿ ಎಲ್ಲಿ ಎಂಬ ಪ್ರಶ್ನೆಗೆ ಹೆಚ್ಚು ಹೆಸರಾದ ಉತ್ತರ ತತ್ತ್ವಜ್ಞಾನಿ ಕಾರ್ಲ್ ಪಾಪರ್ ಕೊಟ್ಟದ್ದು. ಮೊದಲ ಮಹಾಯುದ್ಧ ಮುಗಿದಾಗ ಆತ ವಿಯೆನ್ನಾದಲ್ಲಿ ಹದಿಹರೆಯದ ಹುಡುಗ. ಅಲ್ಲಿನ ಮನಶ್ಶಾಸ್ತ್ರಜ್ಞ ಆಡ್ಲರನ ಸಿದ್ಧಾಂತ ಯಾವ ಮಗುವಿನ ಯಾವ ನಡತೆಗೂ ವಿವರಣೆ ಕೊಡುತ್ತಿತ್ತು. ಮಗು ಹೊಡೆದರೂ ಕೀಳರಿಮೆ, ಹೆದರಿ ಓಡಿದರೂ ಕೀಳರಿಮೆ. ಅದೇ ಹೊತ್ತಿಗೆ, 1919ರ ಮೇ ಗ್ರಹಣದಲ್ಲಿ, ಸೂರ್ಯನ ಪಕ್ಕ ಹಾಯುವ ನಕ್ಷತ್ರದ ಬೆಳಕು ಐನ್‌ಸ್ಟೈನ್ ಹೇಳಿದಷ್ಟೇ ಬಾಗುತ್ತದೆಯೇ ಎಂದು ಅಳೆಯಲಾಯಿತು. ಬಾಗದಿದ್ದರೆ ಅವನ ಸಿದ್ಧಾಂತಕ್ಕೆ ಉಳಿಗಾಲವಿರಲಿಲ್ಲ. ಪಾಪರ್ ಹಿಡಿದದ್ದು ಈ ವ್ಯತ್ಯಾಸವನ್ನು. ಏನಾದರೆ ನಾನು ಸೋತೆ ಎಂದು ಮೊದಲೇ ಹೇಳಿಡುವ ಮಾತು ವಿಜ್ಞಾನದ ಮಾತು. ಏನೇ ಆದರೂ ಗೆಲ್ಲುವ ಮಾತಿಗೆ ಆ ಹೆಸರು ಸಲ್ಲದು.

ಚೆಲುವಾದ ನಿಯಮ. ಆದರೆ ಒರಟಾಗಿ ಹಿಡಿದರೆ ಕೈ ಕೊಯ್ಯುತ್ತದೆ. ಯುರೇನಸ್ ತಪ್ಪಿದ ದಿನವೇ ನ್ಯೂಟನ್ನನನ್ನು ಮನೆಗೆ ಕಳಿಸಿದ್ದರೆ ನೆಪ್ಚೂನ್ ಆಗ ಸಿಗುತ್ತಿರಲಿಲ್ಲ. ಸಿದ್ಧಾಂತವೊಂದು ಒಂಟಿಯಾಗಿ ಪರೀಕ್ಷೆಗೆ ಬರುವುದಿಲ್ಲ. ದೂರದರ್ಶಕ ಸರಿಯಿದೆ, ಲೆಕ್ಕ ಸರಿಯಿದೆ, ಬೇರೆ ಗ್ರಹವಿಲ್ಲ ಎಂಬ ಹತ್ತಾರು ನಂಬಿಕೆಗಳನ್ನು ಜೊತೆಗೆ ಕಟ್ಟಿಕೊಂಡೇ ಬರುತ್ತದೆ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಡ್ಯುಹೆಮ್ ಪಾಪರನಿಗಿಂತ ಮೊದಲೇ ಹೇಳಿದ್ದ. ಇನ್ನೊಂದು ತೊಡಕನ್ನು 1980ರ ದಶಕದಲ್ಲಿ ತತ್ತ್ವಜ್ಞಾನಿ ಲ್ಯಾರಿ ಲೌಡನ್ ತೋರಿಸಿದ. ಭೂಮಿ ಚಪ್ಪಟೆ ಎಂಬ ಮಾತೂ ಸುಳ್ಳೆಂದು ತೋರಿಸಬಹುದಾದ ಮಾತೇ, ತೋರಿಸಿಯೂ ಆಗಿದೆ. ಹಾಗೆಂದು ಅದಕ್ಕೆ ವಿಜ್ಞಾನದ ಪಟ್ಟ ಕಟ್ಟುವುದೇ?

ಹೀಗಾಗಿ ನಾನು ನೋಡುವುದು ಮಾತನ್ನಲ್ಲ, ಮಾತು ಸೋತ ಮೇಲೆ ಅದನ್ನು ಆಡಿದವರು ಏನು ಮಾಡುತ್ತಾರೆ ಎಂಬುದನ್ನು. ನೆಪ ಎಲ್ಲರೂ ಹೇಳುತ್ತಾರೆ. ಗ್ಯಾಲಕ್ಸಿಗಳ ಹೊರ ಅಂಚಿನ ನಕ್ಷತ್ರಗಳು ಕಣ್ಣಿಗೆ ಕಾಣುವ ದ್ರವ್ಯದ ಲೆಕ್ಕಕ್ಕೆ ಮೀರಿದ ವೇಗದಲ್ಲಿ ಸುತ್ತುತ್ತವೆ. ಅಲ್ಲಿ ಕಾಣದ ದ್ರವ್ಯವಿದೆ ಎಂಬುದು ಇವತ್ತಿನ ಭೌತವಿಜ್ಞಾನದ ದೊಡ್ಡ ನೆಪ. ದ್ರವ್ಯ ಬೇಡ, ಗುರುತ್ವದ ನಿಯಮವನ್ನೇ ತಿದ್ದೋಣ ಎನ್ನುವವರೂ 1983ರಿಂದ ಇದ್ದಾರೆ. ಎರಡು ಗುಂಪಿನವರೂ ತಮ್ಮ ನೆಪವನ್ನು ಪೆಟ್ಟಿಗೆಯಲ್ಲಿಟ್ಟು ಕೂತಿಲ್ಲ. ಮೊದಲ ಗುಂಪಿನವರಂತೂ ಆ ಕಾಣದ ದ್ರವ್ಯದ ಕಣಕ್ಕಾಗಿ ಬೆಟ್ಟದಡಿ, ಗಣಿಯಾಳದಲ್ಲಿ ಶೋಧಕಗಳನ್ನು ಹೂಡಿ ಕಾಯುತ್ತಿದ್ದಾರೆ.

ಜ್ಯೋತಿಷದ ವಿಚಾರವನ್ನೂ ಹೀಗೇ ನೋಡಬಹುದು. ಅದನ್ನು ಪರೀಕ್ಷಿಸಲಾಗದು ಎಂದು ವಿಚಾರವಾದಿಗಳೇ ಕೆಲವೊಮ್ಮೆ ಹೇಳುತ್ತಾರೆ; ಅದು ತಪ್ಪು. ಪುಣೆಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು 200 ಮಕ್ಕಳ ಜಾತಕ ಬರೆಸಿದರು. ಅರ್ಧ ಓದಿನಲ್ಲಿ ಜಾಣ ಮಕ್ಕಳವು, ಅರ್ಧ ಬುದ್ಧಿಮಾಂದ್ಯ ಮಕ್ಕಳವು. ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಎಂದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇ. 46, ನಾಣ್ಯ ಚಿಮ್ಮಿದರೂ ಶೇ. 50ರ ಸುತ್ತಮುತ್ತ ಬರುತ್ತದೆ. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2009ರಲ್ಲಿ ಈ ವರದಿ ಬಂತು.

ಇಂಥ ಸೋಲಿಗೆ ಕೇಳಿಬರುವ ನೆಪಗಳು ನಮಗೆ ಗೊತ್ತಿರುವವೇ: ಜನ್ಮಸಮಯ ಸರಿಯಿಲ್ಲ, ರಾಶಿಚಕ್ರದ ಮೊದಲ ಬಿಂದುವನ್ನು ಗೊತ್ತುಮಾಡುವ ಅಯನಾಂಶ ಬೇರೆ ಹಿಡಿಯಬೇಕಿತ್ತು, ಹೇಳಿದವರಿಗೆ ವಾಕ್‌ಸಿದ್ಧಿ ಇರಲಿಲ್ಲ. ಮೊದಲೆರಡು ಕೆಟ್ಟ ನೆಪಗಳೇನೂ ಅಲ್ಲ. ಆಸ್ಪತ್ರೆಯಲ್ಲಿ ನಿಮಿಷ ಸಮೇತ ದಾಖಲಾದ ಹೆರಿಗೆಗಳನ್ನಷ್ಟೇ ಆರಿಸಿ, ಒಂದೊಂದು ಅಯನಾಂಶಕ್ಕೂ ಬೇರೆ ಬೇರೆ ಜಾತಕ ಹಾಕಿ, ಯಾವುದು ಹೆಚ್ಚು ಹೊಂದುತ್ತದೆ ಎಂದು ನೋಡಿದರೆ ಆಯಿತು. ನೆಪ ಹೇಳಿದವರೇ ಈ ಕೆಲಸಕ್ಕೆ ಇಳಿಯಬೇಕು, ಇಳಿಯುವುದಿಲ್ಲ. ನನ್ನ ತಕರಾರು ಅಷ್ಟೇ.

ಇದು ಪಶ್ಚಿಮದ ಅಳತೆಗೋಲು, ನಮ್ಮದಲ್ಲ ಎಂಬ ಆಕ್ಷೇಪ ಬರುವುದುಂಟು. ನಮ್ಮ ಪಂಚಾಂಗವನ್ನೇ ತೆಗೆಯಿರಿ, ಎಷ್ಟೋ ಪಂಚಾಂಗಗಳ ಮುಖಪುಟದಲ್ಲಿ ‘ದೃಗ್ಗಣಿತ’ ಎಂದಿರುತ್ತದೆ. ಕೇರಳದಲ್ಲಿ ಏಳನೇ ಶತಮಾನದಿಂದ ‘ಪರಹಿತ’ವೆಂಬ ಗಣಿತಪದ್ಧತಿ ನಡೆದುಬಂದಿತ್ತು. ಕಾಲ ಕಳೆದಂತೆ ಅದರ ಲೆಕ್ಕಕ್ಕೂ ಆಕಾಶಕ್ಕೂ ತಾಳೆ ತಪ್ಪಿತು. ನಿಳಾ ನದಿಯ ದಡದ ಖಗೋಳಜ್ಞ ಪರಮೇಶ್ವರ ಹತ್ತಾರು ವರ್ಷ ಗ್ರಹಣಗಳನ್ನು ಕಣ್ಣಾರೆ ನೋಡಿ, ಬರೆದಿಟ್ಟು, 1431ರಲ್ಲಿ ತಿದ್ದಿದ ಪದ್ಧತಿಯನ್ನು ಕೊಟ್ಟ; ಅದೇ ದೃಗ್ಗಣಿತ, ಕಂಡದ್ದಕ್ಕೆ ಹೊಂದಿಸಿದ ಗಣಿತ. ಪಾಪರ್ ಹುಟ್ಟುವುದಕ್ಕೆ ನಾಲ್ಕೂವರೆ ಶತಮಾನಕ್ಕೂ ಹಿಂದಿನ ಮಾತಿದು. ಪೂರ್ವಿಕರ ಸೂತ್ರವೂ ಕಣ್ಣಿಗೆ ಕಂಡದ್ದರ ಎದುರು ತಲೆಬಾಗಬೇಕಾಯಿತು.

ಅದೇ ಪಂಚಾಂಗದ ಇನ್ನೊಂದು ಭಾಗ ಫಲ. ಅದಕ್ಕೂ ಒಬ್ಬ ಪರಮೇಶ್ವರ ಬೇಕು ಎಂದು ಯಾರಿಗೂ ಅನಿಸಿದಂತಿಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಹಳೆಯದು ಅಟ್ಟ ಸೇರುತ್ತದೆ. ಹೋದ ವರ್ಷದ ರಾಶಿಫಲವನ್ನು ಮುಂದಿಟ್ಟುಕೊಂಡು ಎಷ್ಟು ಹೊಂದಿತು, ಎಷ್ಟು ತಪ್ಪಿತು ಎಂದು ಎಣಿಸಿ ನೋಡುವ ರೂಢಿ ಬರೆದವರಲ್ಲೂ ಇಲ್ಲ, ಓದುವವರಲ್ಲೂ ಇಲ್ಲ.