ಉಂಡ ಮನೆಯ ಜಂತೆ

ಒಬ್ಬ ದಪ್ಪ ಮನುಷ್ಯ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆ. ಹೊರಗೆ ಮನೆ ತುಂಬಾ ಜನ, ಊಟ, ಗಲಾಟೆ. ಫೋಟೋಗೆ ನಿಲ್ಲೋಕೆ ಎಲ್ಲರೂ ಒಟ್ಟಾಗುತ್ತಿದ್ದಾರೆ. ಅವನೂ ಆ ಫೋಟೋದಲ್ಲಿ ಇರಬೇಕು, ಯಾಕೆಂದರೆ ಅವತ್ತಿನ ಕಾರ್ಯಕ್ರಮದ ಹುಡುಗನಿಗೆ ಅವನೇ ಗಾಡ್‌ಫಾದರ್. ಆದರೆ ಅವನ ಅಂಗಿಯ ಒಳಗೆ, ಎದೆಯ ಮೇಲೆ, ಟೇಪ್ ಹಚ್ಚಿ ಅಂಟಿಸಿದ ಮೈಕ್ ಇದೆ. ಆ ಮನೆಯ ಯಜಮಾನನನ್ನು ಜೈಲಿಗೆ ಕಳಿಸೋಕೆ ಎಫ್‌ಬಿಐ ಕೊಟ್ಟ ಮೈಕ್.

'ದ ಸೊಪ್ರಾನೋಸ್' ನೋಡಿದವರಿಗೆ ಈ ದೃಶ್ಯ ಮರೆತಿರೋದಿಲ್ಲ. ಎರಡನೇ ಸೀಸನ್. ಅವನ ಹೆಸರು ಸಾಲ್ ಬಾನ್‌ಪೆನ್ಸಿಯೇರೊ. ಸೀರಿಯಲ್ಲಿನಲ್ಲಿ ಎಲ್ಲರೂ ಕರೆಯುವ ಅಡ್ಡಹೆಸರು ಬೇರೆ ಇದೆ, ಅದನ್ನು ಮನೆಯವರೂ ಓದಬಹುದಾದ ಜಾಗದಲ್ಲಿ ಬರೆಯುವ ಧೈರ್ಯ ನನಗಿಲ್ಲ. ಮೈಕ್ ಹಾಕಿಕೊಂಡೇ ಅವನು ಆ ಹುಡುಗನ ಪಕ್ಕ ಕೂತು, ನಿಮ್ಮಪ್ಪ ಎಂಥ ಒಳ್ಳೆಯವನು ಗೊತ್ತೇನೋ, ನನ್ನ ತಂಗಿ ಸಾಯುವಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವನು ಅವನು ಅಂತ ಹೇಳುತ್ತಾನೆ. ಮೈಕಿಗೋಸ್ಕರ ಹೇಳಿದ್ದಲ್ಲ, ಮನಸ್ಸಿನಿಂದ ಹೇಳಿದ್ದು. ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತಾನೆ.

ನಾನು ಈ ಸೀರಿಯಲ್ಲನ್ನು ತಡವಾಗಿ ನೋಡಿದವನು. 1999ರಲ್ಲಿ ಶುರುವಾಗಿ 2007ರಲ್ಲಿ ಮುಗಿದಿದ್ದು. 6 ಸೀಸನ್, 86 ಎಪಿಸೋಡ್. ನ್ಯೂಜೆರ್ಸಿಯ ಮಾಫಿಯಾ ಬಾಸ್ ಟೋನಿ ಸೊಪ್ರಾನೊ, ಅವನ ಹೆಂಡತಿ ಮಕ್ಕಳು, ಅವನ ಹುಡುಗರು, ಅವನು ಗುಟ್ಟಾಗಿ ಹೋಗುವ ಮನೋವೈದ್ಯೆ. ಸುತ್ತಲೂ ಎಫ್‌ಬಿಐನವರು, ಹಾವು ಹಿಡಿಯುವವರ ಹಾಗೆ ಕಾದು ಕೂತಿರುತ್ತಾರೆ. ಕಂಪನಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದ ಗೆಳೆಯ ಒಂದು ದಿನ ಹಾರ್ಡ್ ಡಿಸ್ಕ್ ಕೊಟ್ಟು "ನೋಡು ಮಗಾ, ಆಮೇಲೆ ಮಾತಾಡೋಣ" ಅಂದಿದ್ದ. ಈ ಗೆಳೆಯನ ವಿಷಯಕ್ಕೆ ಆಮೇಲೆ ಬರ್ತೀನಿ.

ಕನ್ನಡದಲ್ಲಿ ಒಂದು ಮಾತಿದೆಯಲ್ಲ, ಉಂಡ ಮನೆಯ ಜಂತೆ ಎಣಿಸೋದು ಅಂತ. ಸೊಪ್ರಾನೋಸ್‌ನಲ್ಲಿ ಪೊಲೀಸರು ಅದನ್ನು ಅಕ್ಷರಶಃ ಮಾಡುತ್ತಾರೆ. ಮೂರನೇ ಸೀಸನ್ ಶುರುವಾಗುವುದೇ ಎಫ್‌ಬಿಐನವರು ಯಾರೂ ಇಲ್ಲದಾಗ ಟೋನಿಯ ಮನೆಗೆ ನುಗ್ಗಿ, ನೆಲಮಾಳಿಗೆಯಲ್ಲಿ ಏನೇನಿದೆ ಅಂತ ಫೋಟೋ ತೆಗೆದು ಲೆಕ್ಕ ಹಾಕೋದರಿಂದ. ಅಲ್ಲಿರುವ ಒಂದು ಹಳೆ ಲ್ಯಾಂಪಿನಂಥದ್ದೇ ಇನ್ನೊಂದು ಲ್ಯಾಂಪ್ ಮಾಡಿಸಿ, ಒಳಗೆ ಮೈಕ್ ಇಟ್ಟು, ತಂದು ಕೂರಿಸುತ್ತಾರೆ. ಅಷ್ಟೆಲ್ಲ ಕಷ್ಟಪಟ್ಟ ಮೇಲೆ ಟೋನಿಯ ಮಗಳು ಆ ಲ್ಯಾಂಪನ್ನು ಕಾಲೇಜು ಹಾಸ್ಟೆಲ್ ರೂಮಿಗೆ ಎತ್ತಿಕೊಂಡು ಹೋಗಿಬಿಡುತ್ತಾಳೆ. ಇದನ್ನು ನೋಡಿ ನಾನು ಜೋರಾಗಿ ನಕ್ಕಿದ್ದೆ. ಲ್ಯಾಂಪಿನ ಬಗ್ಗೆ ನನಗೆ ಯಾವ ನೈತಿಕ ತಕರಾರೂ ಇಲ್ಲ. ಕೊಲೆಗಾರನ ಮನೆಯಲ್ಲಿ ಕೋರ್ಟಿನ ಅಪ್ಪಣೆ ಪಡೆದು ಲ್ಯಾಂಪ್ ಇಟ್ಟರೆ ಇಡಲಿ. ಲ್ಯಾಂಪ್ ಯಾರನ್ನೂ "ಊಟ ಆಯ್ತಾ" ಅಂತ ಕೇಳೋದಿಲ್ಲ.

ತಕರಾರು ಶುರುವಾಗೋದು ಲ್ಯಾಂಪಿನ ಜಾಗದಲ್ಲಿ ಮನುಷ್ಯರನ್ನು ಇಟ್ಟಾಗ.

ಏಡ್ರಿಯಾನಾಳ ಕತೆ ನೋಡಿ. ಟೋನಿಯ ಬಲಗೈ ಹುಡುಗ ಕ್ರಿಸ್ಟೋಫರ್‌ನನ್ನು ಮದುವೆಯಾಗಬೇಕಾದವಳು. ಬಟ್ಟೆ, ಉಗುರು, ಮದುವೆ, ಒಂದು ನೈಟ್‌ಕ್ಲಬ್, ಇಷ್ಟೇ ಅವಳ ಪ್ರಪಂಚ. ಅವಳಿಗೊಬ್ಬಳು ಹೊಸ ಗೆಳತಿ ಸಿಗುತ್ತಾಳೆ, ಡ್ಯಾನಿಯೆಲ್. ಜೊತೆಗೆ ಶಾಪಿಂಗ್, ಜೊತೆಗೆ ಕುಡಿಯೋದು, ಗಂಡಸರ ಬಗ್ಗೆ ಗೋಳು ಹೇಳಿಕೊಳ್ಳೋದು. ಟೋನಿಯ ಮನೆಯ ಊಟಕ್ಕೂ ಏಡ್ರಿಯಾನಾ ಅವಳನ್ನು ಕರೆದುಕೊಂಡು ಹೋಗುತ್ತಾಳೆ. ಡ್ಯಾನಿಯೆಲ್ ಎಫ್‌ಬಿಐ ಏಜೆಂಟ್. ಡ್ಯೂಟಿ ಮುಗಿಸಿ ಮನೆಗೆ ಹೋದರೆ ಗಂಡ ಇದ್ದಾನೆ, ಸಣ್ಣ ಮಗು ಇದೆ. ಒಂದು ದಿನ ಎಫ್‌ಬಿಐ ಆಫೀಸಿನಲ್ಲಿ ಏಡ್ರಿಯಾನಾಳನ್ನು ಕೂರಿಸಿ ನಿಜ ಹೇಳುತ್ತಾರೆ. ಕೊಕೇನ್ ಕೇಸು ಹಾಕಿ ವರ್ಷಗಟ್ಟಲೆ ಒಳಗೆ ಹಾಕಬಹುದು; ಅಷ್ಟೇ ಅಲ್ಲ, ಪೊಲೀಸಿನವಳನ್ನು ನೀನೇ ಮನೆಯೊಳಕ್ಕೆ ಕರೆದುಕೊಂಡು ಹೋಗಿದ್ದೆ ಅಂತ ಟೋನಿಗೆ ಗೊತ್ತಾದರೆ ಏನಾಗುತ್ತೆ ಯೋಚನೆ ಮಾಡು. ಅವಳು ಮೇಜಿನ ಮೇಲೆಲ್ಲ ವಾಂತಿ ಮಾಡಿಕೊಳ್ಳುತ್ತಾಳೆ.

ಒಂದು ನಿಮಿಷ ನಿಂತು ಯೋಚಿಸಬೇಕಾದ ಜಾಗ ಇದು. ಅವಳ ಅಪರಾಧ ಏನು? ಗೆಳತಿಯನ್ನು ನಂಬಿದ್ದು. ಅವಳನ್ನು ಹೆದರಿಸೋಕೆ ಬಳಸಿದ ಆಯುಧ ಏನು? ಅದೇ ನಂಬಿಕೆ. ಆಮೇಲೆ ಒಂದೂವರೆ ಸೀಸನ್ನಿಗಿಂತ ಹೆಚ್ಚು ಕಾಲ ಅವಳು ಮಾಹಿತಿ ಕೊಡುತ್ತಾ, ಹೊಟ್ಟೆನೋವಿನಿಂದ ನರಳುತ್ತಾ ಬದುಕುತ್ತಾಳೆ. ಕೊನೆಗೆ ಐದನೇ ಸೀಸನ್ನಿನಲ್ಲಿ ತಡೆಯಲಾರದೆ ಕ್ರಿಸ್ಟೋಫರ್‌ಗೆ ಎಲ್ಲಾ ಹೇಳಿಬಿಡುತ್ತಾಳೆ. ಅವನು ಅವಳ ಕುತ್ತಿಗೆ ಹಿಸುಕುತ್ತಾನೆ, ಬಿಡುತ್ತಾನೆ, ಅಳುತ್ತಾನೆ, ಆಮೇಲೆ ಹೋಗಿ ಟೋನಿಗೆ ಹೇಳುತ್ತಾನೆ. ಟೋನಿಯ ಇನ್ನೊಬ್ಬ ಮನುಷ್ಯ ಅವಳನ್ನು ಕಾರಿನಲ್ಲಿ ಕಾಡಿನ ಕಡೆ ಕರೆದುಕೊಂಡು ಹೋಗುತ್ತಾನೆ. ಅವಳು ಎಲೆಗಳ ಮೇಲೆ ತೆವಳಿಕೊಂಡು ಹೋಗೋದನ್ನು ತೋರಿಸುತ್ತಾರೆ, ಗುಂಡು ತಗಲೋದನ್ನು ತೋರಿಸೋದಿಲ್ಲ. ಆ ಪಾತ್ರ ಮಾಡಿದ ಡ್ರೇಯಾ ಡಿ ಮ್ಯಾಟಿಯೋಗೆ 2004ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಕೊಂದವರು ಗ್ಯಾಂಗ್‌ಸ್ಟರುಗಳೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವಳನ್ನು ಆ ಕಾಡಿನವರೆಗೆ ನಡೆಸಿಕೊಂಡು ಬಂದವರ ಪಟ್ಟಿ ಮಾಡಿದರೆ, ಕಾನೂನಿನ ಕಡೆಯವರ ಹೆಸರೂ ಅದರಲ್ಲಿ ಬರುತ್ತೆ.

ಇದು ಬರೀ ಕತೆ ಅಂತ ತಳ್ಳಿಹಾಕೋಕೆ ಆಗಲ್ಲ. ಜೋ ಪಿಸ್ಟೋನ್ ಅನ್ನುವ ನಿಜವಾದ ಎಫ್‌ಬಿಐ ಏಜೆಂಟ್ 1976ರಿಂದ 1981ರವರೆಗೆ 'ಡಾನಿ ಬ್ರಾಸ್ಕೊ' ಅನ್ನುವ ಕಳ್ಳನ ವೇಷದಲ್ಲಿ ನ್ಯೂಯಾರ್ಕಿನ ಬೊನಾನೊ ಗ್ಯಾಂಗಿನೊಳಗೆ ಇದ್ದ. ಹೆಂಡತಿ ಮತ್ತು ಮೂರು ಹೆಣ್ಣುಮಕ್ಕಳು ಬೇರೆ ಊರಲ್ಲಿ. ಅವನ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಜನಕ್ಕೆ ಶಿಕ್ಷೆ ಆಯ್ತು ಅಂತಾರೆ, ಸಣ್ಣ ಕೆಲಸವಲ್ಲ. ಅಲ್ ಪಸಿನೊ, ಜಾನಿ ಡೆಪ್ ಇರುವ 1997ರ ಸಿನಿಮಾ ಅವನದೇ ಕತೆ. ಡಾನಿಯನ್ನು ಗ್ಯಾಂಗಿನಲ್ಲಿ ಹತ್ತಿರ ಇಟ್ಟುಕೊಂಡವನು ಸನ್ನಿ ಬ್ಲ್ಯಾಕ್. ಮಾಳಿಗೆ ಮೇಲೆ ಪಾರಿವಾಳ ಸಾಕುತ್ತಿದ್ದ ಮನುಷ್ಯ, ಕೊಲೆಗಾರ ಕೂಡ. ಡಾನಿ ಪೊಲೀಸು ಅಂತ ಎಫ್‌ಬಿಐನವರೇ ಹೋಗಿ ಅವನಿಗೆ ಹೇಳಿದರು. ಕೆಲವೇ ವಾರಗಳಲ್ಲಿ, ಪೊಲೀಸನ್ನು ಒಳಗೆ ಬಿಟ್ಟುಕೊಂಡ ತಪ್ಪಿಗೆ, ಅವನ ಕಡೆಯವರೇ ಅವನನ್ನು ಕೊಂದರು. ಹೆಣ ಸಿಕ್ಕಿದ್ದು ಮರುವರ್ಷ.

ಸನ್ನಿ ಬ್ಲ್ಯಾಕ್‌ಗಾಗಿ ಅಳಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಅವನು ಸತ್ತದ್ದು ತಾನು ಮಾಡಿದ ಕೊಲೆಗಳಿಗಲ್ಲ, ತಾನು ಮಾಡಿದ ಸ್ನೇಹಕ್ಕೆ. ಇದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ವೇಷ ಹಾಕೋದೇ ತಪ್ಪು ಅಂತ ಹೇಳೋ ಹಾಗಿಲ್ಲ. ನಮ್ಮಲ್ಲಿ ಇದರ ದೊಡ್ಡ ಕತೆ ವಿರಾಟಪರ್ವವೇ. ಒಂದು ವರ್ಷ ಪಾಂಡವರು ವಿರಾಟನ ಅರಮನೆಯಲ್ಲಿ ಸುಳ್ಳು ಹೆಸರಿನಲ್ಲಿ ಇರುತ್ತಾರೆ. ಭೀಮ ಅಡುಗೆಮನೆಯಲ್ಲಿ, ಅರ್ಜುನ ನಾಟ್ಯ ಕಲಿಸುತ್ತಾ, ದ್ರೌಪದಿ ರಾಣಿಯ ತಲೆ ಬಾಚುತ್ತಾ. ಎಲ್ಲವೂ ಸುಳ್ಳು. ಆದರೂ ನಿಜ ಗೊತ್ತಾದಾಗ ವಿರಾಟ "ಮೋಸ ಮಾಡಿದಿರಿ" ಅನ್ನೋದಿಲ್ಲ, ಮಗಳನ್ನು ಅರ್ಜುನನ ಮಗನಿಗೆ ಕೊಟ್ಟು ಮದುವೆ ಮಾಡುತ್ತಾನೆ. ಯಾಕೆ? ಅವರು ತಮ್ಮ ಹೆಸರನ್ನು ಮುಚ್ಚಿಟ್ಟರೇ ಹೊರತು ಅವನ ನಂಬಿಕೆಯನ್ನು ಅವನ ವಿರುದ್ಧವೇ ತಿರುಗಿಸಲಿಲ್ಲ. ಸುಳ್ಳು ಬೇರೆ, ದ್ರೋಹ ಬೇರೆ. ಡ್ಯಾನಿಯೆಲ್ ಹೇಳಿದ್ದು ಸುಳ್ಳು ಹೆಸರು ಮಾತ್ರ ಆಗಿದ್ದಿದ್ದರೆ ಏಡ್ರಿಯಾನಾ ಒಂದೆರಡು ದಿನ ಸಿಟ್ಟಾಗಿ ಸುಮ್ಮನಾಗುತ್ತಿದ್ದಳೇನೋ.

ಕೌಟಿಲ್ಯನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ. ಅರ್ಥಶಾಸ್ತ್ರದಲ್ಲಿ (1905ರಲ್ಲಿ ಆ ಓಲೆಗರಿ ಕಟ್ಟು ಬೆಳಕಿಗೆ ಬಂದದ್ದು ಮೈಸೂರಿನಲ್ಲಿ, ಶಾಮಾಶಾಸ್ತ್ರಿಗಳ ಕೈಗೆ) ಗೂಢಚಾರರ ದೊಡ್ಡ ಪಟ್ಟಿಯೇ ಇದೆ. ಸನ್ಯಾಸಿಯ ವೇಷ, ವ್ಯಾಪಾರಿಯ ವೇಷ, ಭಿಕ್ಷುಕಿಯ ವೇಷ. ಅದರಲ್ಲಿ 'ಸತ್ರಿ' ಅಂತ ಒಂದು ವರ್ಗ: ನೆಂಟರಿಷ್ಟರು ಇಲ್ಲದ, ರಾಜ್ಯವೇ ಸಾಕಬೇಕಾದ ಅನಾಥರನ್ನು ತರಬೇತಿ ಕೊಟ್ಟು ಗೂಢಚಾರರನ್ನಾಗಿ ಮಾಡೋದು. ಓದಿದಾಗ ಮೈ ಜುಂ ಅಂತು. ಯಾರಿಗೂ ಸೇರದವನನ್ನು ಕಳಿಸು, ಅವನಿಗೆ ಬಾತ್‌ರೂಮಿನಲ್ಲಿ ಅಳು ಬರೋದಿಲ್ಲ ಅನ್ನುವ ಲೆಕ್ಕಾಚಾರ ಇರಬೇಕು. ನಮ್ಮ ಕಾಲದ ಪೊಲೀಸರಿಗೆ ಹೆಂಡತಿ ಮಕ್ಕಳಿದ್ದಾರೆ, ಅದೇ ತೊಂದರೆ.

ಹಾಗಾದರೆ ಗೂಢಚಾರ ಪೊಲೀಸರೇ ಬೇಡವಾ? ಬೇಕು. ಮಾಫಿಯಾದಂಥದ್ದನ್ನು ಹೊರಗೆ ನಿಂತು ಒಡೆಯೋಕೆ ಆಗಲ್ಲ. ಬಾಯಿ ಬಿಟ್ಟವನು ಸಾಯುತ್ತಾನೆ ಅನ್ನೋದೇ ಅದರ ಗೋಡೆ. ನನಗೆ ಒಪ್ಪಿಗೆಯಾಗದೇ ಇರೋದು "ಕೆಟ್ಟವರಿಗೆ ಮಾಡಿದ ದ್ರೋಹ ದ್ರೋಹವೇ ಅಲ್ಲ" ಅನ್ನುವ ವಾದ. ಅದನ್ನು ಒಪ್ಪಿಕೊಂಡರೆ ಯಾರು ಕೆಟ್ಟವರು ಅನ್ನೋದನ್ನು ಮೇಲಿನವರು ತೀರ್ಮಾನ ಮಾಡುತ್ತಾರೆ, ಉಳಿದಿದ್ದೆಲ್ಲ ತಾನಾಗಿ ಸರಿಯಾಗಿಬಿಡುತ್ತೆ. ಬ್ರಿಟನ್ನಿನಲ್ಲಿ ಆಗಿದ್ದು ಅದೇ. 1968ರಿಂದ ಪೊಲೀಸರು ಚಳವಳಿಗಾರರ ಗುಂಪುಗಳೊಳಗೆ ವರ್ಷಗಟ್ಟಲೆ ಸುಳ್ಳು ಹೆಸರಿನಲ್ಲಿ ಬದುಕಿದರು. ಕೆಲವರು ಸತ್ತುಹೋದ ಮಕ್ಕಳ ಹೆಸರುಗಳನ್ನೇ ಎತ್ತಿಕೊಂಡಿದ್ದರು. ಕೆಲವರು ಆ ಗುಂಪಿನ ಹೆಣ್ಣುಮಕ್ಕಳ ಜೊತೆ ಸಂಸಾರದಂತೆಯೇ ಇದ್ದು, ಒಂದು ದಿನ ಮಾಯವಾದರು. 2015ರಲ್ಲಿ ಲಂಡನ್ ಪೊಲೀಸರು ಏಳು ಮಹಿಳೆಯರ ಬಹಿರಂಗ ಕ್ಷಮೆ ಕೇಳಬೇಕಾಯ್ತು. ಅಲ್ಲಿ ಮಾಫಿಯಾ ಇರಲಿಲ್ಲ, ಕೊಲೆಗಾರರಿರಲಿಲ್ಲ. ಗ್ಯಾಂಗ್‌ಸ್ಟರನ ಮನೆಗೆ ಅಂತ ಮಾಡಿಸಿದ ಕಳ್ಳಕೀಲಿ ಪಕ್ಕದ ಮನೆಯ ಬೀಗಕ್ಕೂ ಹೊಂದುತ್ತೆ.

ಈಗ ಗೆಳೆಯನ ವಿಷಯ.

ಕೆಲವು ವರ್ಷಗಳ ಹಿಂದೆ ನಮ್ಮ ಮ್ಯಾನೇಜರ್ ನನ್ನನ್ನು ಮೀಟಿಂಗ್ ರೂಮಿಗೆ ಕರೆದು, "ನೀವಿಬ್ರೂ ಕ್ಲೋಸ್ ಅಲ್ವಾ? ಅವನು ಪೇಪರ್ ಹಾಕೋ ಪ್ಲಾನ್‌ನಲ್ಲಿ ಇದಾನಾ ಸ್ವಲ್ಪ ತಿಳ್ಕೋ. ಫೋರ್ಸ್ ಏನಿಲ್ಲ, ಸುಮ್ನೆ ಕ್ಯಾಶುವಲ್ಲಾಗಿ" ಅಂದರು. ಟೀಮಿನಿಂದ ಒಬ್ಬರನ್ನು ಆನ್‌ಸೈಟ್ ಕಳಿಸೋದಿತ್ತು, ಅವನ ಹೆಸರೇ ಮುಂದಿತ್ತು. ನಾನು ಆವತ್ತು ಸಂಜೆ ಅವನನ್ನು ದರ್ಶಿನಿಗೆ ಕರೆದುಕೊಂಡು ಹೋದೆ. ಬೈ ಟೂ ಕಾಫಿ. ಕ್ಯಾಶುವಲ್ಲಾಗಿ ಕೇಳಿದೆ. ಅವನೂ ಕ್ಯಾಶುವಲ್ಲಾಗಿ ಹೇಳಿದ: ಎರಡು ಕಡೆ ಇಂಟರ್‌ವ್ಯೂ ಆಗಿದೆ, ಅಪ್ಪನ ಡಯಾಲಿಸಿಸ್ ಖರ್ಚು ಜಾಸ್ತಿ ಆಗ್ತಿದೆ, ಈ ಸಂಬಳ ಸಾಲಲ್ಲ. ಆನ್‌ಸೈಟ್ ಸಿಕ್ಕರೆ ಮಾತ್ರ ಇಲ್ಲೇ ಇರ್ತೀನಿ ಮಗಾ ಅಂದ.

ಮರುದಿನ ನಾನು ಮ್ಯಾನೇಜರಿಗೆ ಹೇಳಿದ್ದು ಇಂಟರ್‌ವ್ಯೂ ವಿಷಯ ಮಾತ್ರ. ಕೊನೆಯ ವಾಕ್ಯ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೀನಿ. ಅವರು ಕೇಳಲಿಲ್ಲ, ಅಷ್ಟೇ ಅಂತ ಒಂದು ಉತ್ತರ ಇದೆ. ಅದನ್ನು ನಾನೇ ನಂಬೋದಿಲ್ಲ. ಆನ್‌ಸೈಟ್ ಬೇರೆಯವರಿಗೆ ಹೋಯ್ತು. ನನಗಲ್ಲ. ನೋಡಿ, ಇಷ್ಟು ವರ್ಷ ಆದಮೇಲೂ "ನನಗಲ್ಲ" ಅಂತ ತಕ್ಷಣ ಸೇರಿಸಬೇಕು ಅನ್ನಿಸುತ್ತೆ. ಅವನು ಎರಡು ತಿಂಗಳಲ್ಲಿ ಪೇಪರ್ ಹಾಕಿ ಹೋದ.

ಇದನ್ನು ಸಾಲ್‌ನ ಕತೆಯ ಪಕ್ಕದಲ್ಲಿ ಇಡೋದು ಅತಿಶಯ ಅಂತ ಗೊತ್ತು. ಯಾರೂ ಸಾಯಲಿಲ್ಲ. ನನ್ನ ಎದೆಗೆ ಯಾರೂ ಟೇಪ್ ಅಂಟಿಸಲಿಲ್ಲ, ಜೈಲಿನ ಹೆದರಿಕೆ ಹಾಕಲಿಲ್ಲ. ಸಾಲ್ ಹೆದರಿಕೆಯಿಂದ ಮಾಡಿದ. ನಾನು ಮಾಡಿದ್ದು ಮುಂದಿನ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಮುಖ ಸ್ವಲ್ಪ ನಗುಮುಖವಾಗಿರಲಿ ಅಂತ. ಯಾವುದು ಹೆಚ್ಚು ಕೀಳು ಅಂತ ನೀವೇ ಹೇಳಿ.

ಅದಕ್ಕೇ ಇರಬೇಕು, ಆ ಸೀರಿಯಲ್ ನೋಡುವಾಗ ನನಗೆ ಟೋನಿಗಿಂತ ಈ ಎರಡು ದೋಣಿಯ ಜನರೇ ಹೆಚ್ಚು ಕಾಡಿದ್ದು. ಸಾಲ್‌ನನ್ನು ಕೊನೆಗೆ ಹಳೆಯ ಗೆಳೆಯರು ನಿಜವಾದ ಒಂದು ದೋಣಿಗೇ ಹತ್ತಿಸಿಕೊಂಡು ಹೋಗುತ್ತಾರೆ. ಕೆಳಗಿನ ಸಣ್ಣ ಕೋಣೆಯಲ್ಲಿ ನಾಲ್ಕು ಜನ, ಕುಡಿಯುತ್ತಾರೆ, ಹಳೆಯ ಜೋಕು, ನಗು. ಆಮೇಲೆ ಸಾಲ್, ಮುಖಕ್ಕೆ ಬೇಡ ಅಂತ ಕೇಳಿಕೊಳ್ಳುತ್ತಾನೆ. ಕೊಲ್ಲುವವರ ಮುಖದಲ್ಲೂ ದುಃಖ ಇದೆ, ಅದು ನಟನೆಯಲ್ಲ. ಆ ಕೋಣೆಯಲ್ಲಿ ಸ್ನೇಹ ನಿಜ, ದ್ರೋಹ ನಿಜ, ಕೊಲೆಯೂ ನಿಜ. ಒಂದು ಇನ್ನೊಂದನ್ನು ಅಳಿಸೋದಿಲ್ಲ.

ನೋಡುವ ನಾವೂ ಒಂದು ಥರ ಗೂಢಚಾರರೇ. 86 ಗಂಟೆ ಹತ್ತಿರ ಅವರ ಮನೆಯ ಮೇಜಿಗೆ ಕೂತು, ಅವರ ಜೋಕಿಗೆ ನಕ್ಕು, ಕೊನೆಗೆ "ನಾನು ಅವರ ಪೈಕಿ ಅಲ್ಲಪ್ಪ" ಅಂತ ಎದ್ದು ಹೋಗ್ತೀವಿ. ಹೋಗಲಾರದವರೂ ಇದ್ದಾರೆ. ವರ್ಷಗಟ್ಟಲೆ ಟೋನಿಯ ಹಿಂದೆ ಬಿದ್ದಿದ್ದ ಏಜೆಂಟ್ ಹ್ಯಾರಿಸ್, ಕೊನೆಯ ಎಪಿಸೋಡಿನಲ್ಲಿ ಟೋನಿಯ ಶತ್ರು ಸತ್ತ ಸುದ್ದಿ ಕೇಳಿ, ನಾವು ಗೆಲ್ತಾ ಇದೀವಿ ಅಂತ ಕುಣಿಯುತ್ತಾನೆ. 'ನಾವು'! ನಾನೂ ಸೋಫಾದ ಮೇಲೆ ಅದನ್ನೇ ಅಂದಿದ್ದೆ.

ಗೆಳೆಯ ಈಗ ಬೇರೆ ಕಂಪನಿಯಲ್ಲಿ ಚೆನ್ನಾಗಿದ್ದಾನೆ. ಅವನ ಅಪ್ಪ ಹೋದ ವರ್ಷ ತೀರಿಕೊಂಡರು, ಹನ್ನೊಂದನೇ ದಿನಕ್ಕೆ ಹೋಗಿ ಬಂದೆ. ಯುಗಾದಿಗೆ ಮೆಸೇಜ್ ಮಾಡುತ್ತಾನೆ. ಮೊನ್ನೆ ಸಿಕ್ಕಾಗ ಸೀರಿಯಲ್ ಎಲ್ಲಿಗೆ ಬಂತು ಅಂತ ಕೇಳಿದ. ಪೂರ್ತಿ ಮುಗಿಸಿದೆ ಅಂದೆ. "ಆ ದೋಣಿ ಸೀನ್ ನೋಡಿದ್ಯಾ? ನಂಗೆ ಆ ನನ್ಮಗನ ಮೇಲೆ ಸಿಟ್ಟೇ ಬರಲ್ಲ ಮಗಾ, ಪಾಪ ಅನ್ಸುತ್ತೆ" ಅಂದ. ನಾನು ಹೂಂ ಅಂದೆ. ಬೈ ಟೂ ಕಾಫಿ ಬಂತು. ದೊಡ್ಡ ಲೋಟವನ್ನು ನನ್ನ ಕಡೆ ತಳ್ಳಿದ.